ಜೆಲ್ಲಿ ಮೀನು ನಿಹಾರಿಕೆಯ ನ್ಯಾರೋಬ್ಯಾಂಡ್ ಚಿತ್ರ: ಆಕ್ಸಿಜನ್ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ಅಡಿಕೆ ಅಂಗಳ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಮಿಥುನ ರಾಶಿಯಲ್ಲಿರುವ ಐಸಿ 443 ಎಂಬ ಸೂಪರ್ನೋವಾ ಅವಶೇಷವನ್ನು (ನಕ್ಷತ್ರದ ಸಿಡಿತ ಉಳಿಸಿಹೋದ ಅನಿಲದ ಮೋಡವನ್ನು), ಅಂದರೆ ಜೆಲ್ಲಿ ಮೀನು ನಿಹಾರಿಕೆಯನ್ನು, ಈ ಚಳಿಗಾಲದಲ್ಲಿ ನಮ್ಮ ಮನೆಯ ಅಡಿಕೆ ಒಣಗಿಸುವ ಅಂಗಳದಿಂದ ಚಿತ್ರಿಸಿದ್ದೇನೆ. ಹಿಂದಿನ ಮೂರು ವರ್ಷ ಹಂಸ ನಕ್ಷತ್ರಪುಂಜದ ವೇಲ್ ನಿಹಾರಿಕೆಗಾಗಿ ಪ್ರಯತ್ನಪಟ್ಟೆ. ಅದು ನಡುರಾತ್ರಿಗೆ ಆಕಾಶದ ಮೇಲ್ಭಾಗಕ್ಕೆ ಬರುವುದು ಆಗಸ್ಟ್ ತಿಂಗಳಲ್ಲಿ; ಆಗ ನಮ್ಮಲ್ಲಿ ನಕ್ಷತ್ರಗಳಿರಲಿ, ಎದುರಿನ ಗುಡ್ಡವೇ ಕಾಣುವುದಿಲ್ಲ. ಮಳೆ ಬಿಟ್ಟ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಸಂಜೆಯ ಕೆಲವು ಗಂಟೆಗಳಷ್ಟೇ ಸಿಗುತ್ತವೆ. ಆದ್ದರಿಂದ ಈ ಬಾರಿ ಚಳಿಗಾಲದಲ್ಲಿ ರಾತ್ರಿಯಿಡೀ ಕಾಣುವ ಅವಶೇಷವನ್ನೇ ಆರಿಸಿಕೊಂಡೆ.

ನನ್ನ ಬಳಿ 80 ಮಿ.ಮೀ. ವ್ಯಾಸದ ರಿಫ್ರ್ಯಾಕ್ಟರ್ (ಮಸೂರದ ದೂರದರ್ಶಕ) ಇದೆ. ನಾಭಿದೂರವನ್ನು ಇಳಿಸುವ ರೆಡ್ಯೂಸರ್ ಸೇರಿಸಿದಾಗ ಅದರ ನಾಭಿದೂರ 384 ಮಿ.ಮೀ. ಆಗುತ್ತದೆ. ಕ್ಯಾಮೆರಾ ಸೋನಿಯ ಐಎಂಎಕ್ಸ್ 533 ಸೆನ್ಸರ್ ಇರುವ ಕಪ್ಪು-ಬಿಳುಪಿನದು, ಅದನ್ನು ಮೈನಸ್ 10 ಡಿಗ್ರಿಗೆ ತಂಪುಗೊಳಿಸಿ ಬಳಸುತ್ತೇನೆ. ಮೂರು ಫಿಲ್ಟರ್‌ಗಳೂ ನ್ಯಾರೋಬ್ಯಾಂಡ್, ಅಂದರೆ ಬೆಳಕಿನ ಕಿರಿದಾದ ಪಟ್ಟಿಯನ್ನಷ್ಟೇ ಒಳಬಿಡುವ, 7 ನ್ಯಾನೋಮೀಟರ್ ಅಗಲದವು: 656.3 ನ್ಯಾನೋಮೀಟರ್‌ನ ಹೈಡ್ರೋಜನ್-ಆಲ್ಫಾ, 500.7ರ ಆಕ್ಸಿಜನ್-3, ಮತ್ತು 671.6 ಹಾಗೂ 673.1ರ ಜೋಡಿ ರೇಖೆಗಳನ್ನು ಹಿಡಿಯುವ ಸಲ್ಫರ್-2. ಪ್ರತಿ ಎಕ್ಸ್‌ಪೋಷರ್ 300 ಸೆಕೆಂಡಿನದು. ಒಟ್ಟಿನಲ್ಲಿ ಹೈಡ್ರೋಜನ್ 5 ಗಂಟೆ, ಸಲ್ಫರ್ ಎರಡೂವರೆ ಗಂಟೆ, ಆಕ್ಸಿಜನ್ 2 ಗಂಟೆ ಸಂಗ್ರಹವಾಗಿದೆ. ಅಮಾವಾಸ್ಯೆಯ ಕತ್ತಲೆಯ ರಾತ್ರಿಗಳನ್ನು ಹೈಡ್ರೋಜನ್‌ಗೆ ಕೊಟ್ಟೆ, ಏಕೆಂದರೆ ಮುಖ್ಯವಾದ ವಿವರವೆಲ್ಲ ಅದರಲ್ಲಿದೆ ಎಂದು ಭಾವಿಸಿದ್ದೆ. ಆಕ್ಸಿಜನ್ ತೆಗೆದದ್ದು ಡಿಸೆಂಬರ್ ಹುಣ್ಣಿಮೆಯ ಮರುದಿನ.

ಹೈಡ್ರೋಜನ್ ಚಿತ್ರ ಬಹಳ ಚೆನ್ನಾಗಿ ಬಂದಿದೆ. ಈಶಾನ್ಯ ಅಂಚಿನ ಎಳೆಗಳನ್ನು ಒಂದೊಂದಾಗಿ ಎಣಿಸಬಹುದು. ಸಲ್ಫರ್ ಕೂಡ ಪರವಾಗಿಲ್ಲ. ಆದರೆ ಆಕ್ಸಿಜನ್ ಚಿತ್ರವನ್ನು ಸ್ಟ್ರೆಚ್ ಮಾಡಿದರೆ, ಅಂದರೆ ಮಬ್ಬು ಭಾಗಗಳ ಹೊಳಪನ್ನು ಎತ್ತಿದರೆ, ಮಚ್ಚೆ ಮಚ್ಚೆಯಾದ ಗದ್ದಲದ (ನಾಯ್ಸ್) ಜೊತೆಗೆ, ಪಶ್ಚಿಮದ ಕಡೆ ಮಬ್ಬಾದ ಕಮಾನಿನಂಥದ್ದು ಮಾತ್ರ ಕಾಣುತ್ತದೆ. ಸಲ್ಫರ್ ಕೆಂಪು, ಹೈಡ್ರೋಜನ್ ಹಸಿರು, ಆಕ್ಸಿಜನ್ ನೀಲಿ ಎಂದು ಸೇರಿಸಿದಾಗ ಇಡೀ ಚಿತ್ರ ಹಸಿರಾಗುತ್ತದೆ. ಹಸಿರನ್ನು ಕಡಿಮೆ ಮಾಡಿದರೆ ಕಂದು ಬಣ್ಣದ ಒಂದು ಮುದ್ದೆ ಉಳಿಯುತ್ತದೆ. ಕೃತಕ ಬುದ್ಧಿಮತ್ತೆಯ ಗದ್ದಲ ನಿವಾರಕವನ್ನು ಬಲವಾಗಿ ಹಾಕಿ ನೋಡಿದೆ. ಆಗ ಆಕ್ಸಿಜನ್ ಎಳೆಗಳು ನಯವಾಗಿ ಎದ್ದು ಬಂದವು, ಆದರೆ ಅವು ನಿಜವಾಗಿ ಅಲ್ಲಿವೆಯೇ ಎಂಬ ಅನುಮಾನ ನನ್ನನ್ನು ಬಿಡುತ್ತಿಲ್ಲ.

ನಮ್ಮ ಅಂಗಳದ ಉತ್ತರಕ್ಕೆ ಅಡಿಕೆ ತೋಟವಿದ್ದು, ಧ್ರುವ ನಕ್ಷತ್ರ ಮರಗಳ ತಲೆಯ ಹಿಂದೆಯೇ ಉಳಿಯುತ್ತದೆ ಎಂಬುದನ್ನೂ ತಿಳಿಸಬೇಕು. ದೂರದರ್ಶಕ ತಿರುಗುವ ಅಕ್ಷವನ್ನು ಧ್ರುವಕ್ಕೆ ಹೊಂದಿಸುವ ಕೆಲಸ ಅಂದಾಜಿನ ಮೇಲೆ ನಡೆದಿರುವುದರಿಂದ ಚೌಕಟ್ಟಿನ ಮೂಲೆಗಳಲ್ಲಿ ನಕ್ಷತ್ರಗಳು ಸ್ವಲ್ಪ ಉದ್ದವಾಗಿವೆ.

ನಾನು ತಿಳಿಯಬೇಕಾಗಿರುವುದು ಇಷ್ಟು: ಈಗಿರುವ ದತ್ತಾಂಶದಿಂದಲೇ ಆಕ್ಸಿಜನ್ ಅನ್ನು ಹೊರತೆಗೆಯುವ ಸರಿಯಾದ ಸಂಸ್ಕರಣಾ ಕ್ರಮ ಇದೆಯೇ, ಅಥವಾ ಮತ್ತೆ ಚಿತ್ರಿಸಬೇಕೇ? ಮತ್ತೆ ಚಿತ್ರಿಸುವುದಾದರೆ ಸಮಯವನ್ನು ಹೇಗೆ ಹಂಚಬೇಕು? ಹೀಗೆ ಬಣ್ಣಗಳನ್ನು ಎತ್ತಿ ಇಳಿಸಿ ಹೊಂದಿಸಿದ ಚಿತ್ರವನ್ನು ನಾಲ್ಕು ಜನರ ಮುಂದೆ ಇಡುವುದು ಎಷ್ಟರ ಮಟ್ಟಿಗೆ ಸರಿ?


ಉತ್ತರ 1: ಹಿನ್ನೀರ ದಂಡೆ, ಸಾಗರ

ಹೊಸನಗರದವರಿಗೆ ನಮಸ್ಕಾರ. ನಿಮ್ಮ ಹೈಡ್ರೋಜನ್ ಚಿತ್ರವನ್ನು ನೋಡಿದೆ, 80 ಮಿ.ಮೀ. ದೂರದರ್ಶಕದಿಂದ ಇಷ್ಟು ಬಂದಿರುವುದು ನಿಮ್ಮ ಶ್ರದ್ಧೆಗೆ ಸಾಕ್ಷಿ. ಸಂಸ್ಕರಣೆಯ ಬಗ್ಗೆ ನನಗಿಂತ ತಿಳಿದವರು ಬರೆಯುತ್ತಾರೆಂದು ನಂಬಿ, ಚಿತ್ರಣದ ವಿಷಯವನ್ನಷ್ಟೇ ಹೇಳುತ್ತೇನೆ. ಕತ್ತಲೆಯ ರಾತ್ರಿಗಳನ್ನು ಹೈಡ್ರೋಜನ್‌ಗೂ ಬೆಳದಿಂಗಳನ್ನು ಆಕ್ಸಿಜನ್‌ಗೂ ಕೊಟ್ಟಿರುವುದರಲ್ಲಿಯೇ ತೊಂದರೆ ಇದೆ. ಅದು ತಿರುಗುಮುರುಗಾಗಬೇಕಿತ್ತು.

ಬೆಳದಿಂಗಳು ಗಾಳಿಯಲ್ಲಿ ಚದುರುವಾಗ ನೀಲಿ-ಹಸಿರಿನ ಭಾಗ ಹೆಚ್ಚು ಚದುರುತ್ತದೆ, ಕೆಂಪು ಕಡಿಮೆ. ಆದ್ದರಿಂದ 500.7 ನ್ಯಾನೋಮೀಟರ್‌ನ ಆಕ್ಸಿಜನ್ ಫಿಲ್ಟರ್‌ನೊಳಗೆ ಚಂದ್ರನ ಬೆಳಕು ನುಗ್ಗುವಷ್ಟು 656 ಅಥವಾ 672ರ ಫಿಲ್ಟರ್‌ಗಳಲ್ಲಿ ನುಗ್ಗುವುದಿಲ್ಲ. ನಮ್ಮ ಕಡೆಯ ಗಾಳಿಯಲ್ಲಿ ಡಿಸೆಂಬರ್‌ನಲ್ಲೂ ತೇವಾಂಶ ಸಾಕಷ್ಟು ಇರುವುದರಿಂದ ಈ ಚದುರುವಿಕೆ ಇನ್ನೂ ಹೆಚ್ಚುತ್ತದೆ. ಇದರ ಮೇಲೆ ಐಸಿ 443ಕ್ಕೆ ಇನ್ನೊಂದು ವಿಶೇಷವಿದೆ: ಅದು ಸೂರ್ಯಪಥದಿಂದ ಒಂದು ಡಿಗ್ರಿಯಷ್ಟು ಮಾತ್ರ ದೂರದಲ್ಲಿದೆ. ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿಯೇ ಇದನ್ನು ನೆನಪಿಡಬಹುದು. ಜೂನ್ 22ರ ಸುಮಾರಿಗೆ ಆರಿದ್ರಾ ಮಳೆ ಹುಟ್ಟುತ್ತದೆ. ಅದಾದ ಮೂರು ನಾಲ್ಕು ದಿನಕ್ಕೆ, ಜೂನ್ 25ರ ಆಸುಪಾಸಿನಲ್ಲಿ, ಸೂರ್ಯ ಈ ನಿಹಾರಿಕೆಯ ಪಕ್ಕದಲ್ಲಿಯೇ ಇರುತ್ತಾನೆ. ಹುಣ್ಣಿಮೆಯ ಚಂದ್ರ ಸೂರ್ಯನ ಎದುರು ದಿಕ್ಕಿನಲ್ಲಿರುವುದರಿಂದ, ಆರು ತಿಂಗಳ ನಂತರದ ಡಿಸೆಂಬರ್ ಹುಣ್ಣಿಮೆ ಪ್ರತಿ ವರ್ಷವೂ ಈ ನಿಹಾರಿಕೆಯ ನೆರೆಯಲ್ಲಿಯೇ ಬರುತ್ತದೆ. ನೀವು ಆಕ್ಸಿಜನ್‌ಗೆ ಆರಿಸಿಕೊಂಡದ್ದು, ವರ್ಷದಲ್ಲಿ ಅದಕ್ಕೆ ಅತ್ಯಂತ ಪ್ರತಿಕೂಲವಾದ ರಾತ್ರಿಗಳಲ್ಲಿ ಒಂದು.

ಆದ್ದರಿಂದ ಮತ್ತೆ ಚಿತ್ರಿಸಿ, ಆದರೆ ಆಕ್ಸಿಜನ್ ಅನ್ನು ಮಾತ್ರ. ಜನವರಿ ಮತ್ತು ಫೆಬ್ರವರಿಯ ಅಮಾವಾಸ್ಯೆಯ ಹಿಂದೆ ಮುಂದೆ ಆರೇಳು ದಿನಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಿ. ಡಿಸೆಂಬರ್ ಕೊನೆಯಲ್ಲಿ ಈ ನಿಹಾರಿಕೆ ನಮ್ಮಲ್ಲಿ ಮಧ್ಯರಾತ್ರಿ 12-30ರ ಹೊತ್ತಿಗೆ ಮಧ್ಯಾಹ್ನರೇಖೆ (ನೆತ್ತಿಯ ಮೇಲೆ ಉತ್ತರ-ದಕ್ಷಿಣವಾಗಿ ಹಾಯುವ ರೇಖೆ) ದಾಟುತ್ತದೆ. ಫೆಬ್ರವರಿ ಮಧ್ಯಕ್ಕೆ ಅದು ರಾತ್ರಿ 9ರ ಸುಮಾರಿಗೇ ಆಗುತ್ತದೆ. ಆದ್ದರಿಂದ ಕತ್ತಲಾದೊಡನೆ ಆರಂಭಿಸಿದರೆ, ಕಾವಳ ಕವಿಯುವುದಕ್ಕೆ ಮೊದಲೇ ಒಳ್ಳೆಯ ಐದು ಗಂಟೆ ಸಿಗುತ್ತವೆ. ನೆತ್ತಿಯಿಂದ ಉತ್ತರಕ್ಕೆ ಕೇವಲ 9 ಡಿಗ್ರಿ ವಾಲಿ ಅದು ಹಾದುಹೋಗುವುದು ನಮ್ಮ ಭಾಗ್ಯವೆಂದೇ ಹೇಳಬೇಕು, ಏಕೆಂದರೆ ಬೆಳಕು ದಾಟಿ ಬರಬೇಕಾದ ಗಾಳಿಯ ದಪ್ಪ ಅಲ್ಲಿ ಅತಿ ಕಡಿಮೆ. ಸಮಯದ ಲೆಕ್ಕ ಕಠಿಣವಾದದ್ದು: ಚಿತ್ರದ ಗದ್ದಲವನ್ನು ಸಂಕೇತಕ್ಕೆ ಹೋಲಿಸಿ ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಸಮಯ ಬೇಕು, ಅಂದರೆ ನಿಮ್ಮ 2 ಗಂಟೆ 8 ಗಂಟೆಯಾಗಬೇಕು. ಕತ್ತಲೆಯ ಆಕಾಶದಲ್ಲಿ ಹಿನ್ನೆಲೆಯೂ ಇಳಿಯುವುದರಿಂದ ಫಲ ಅದಕ್ಕಿಂತ ಹೆಚ್ಚೇ ಸಿಗುತ್ತದೆ. ನಾನಾದರೆ ಆಕ್ಸಿಜನ್‌ಗೆ 10 ಗಂಟೆಯಾದರೂ ಕೊಡುತ್ತೇನೆ; ಈಗಿನ 2 ಗಂಟೆಯ ಬೆಳದಿಂಗಳ ಫ್ರೇಮುಗಳನ್ನು ಅದರೊಂದಿಗೆ ಬೆರೆಸದೆ ಬದಿಗಿಡುತ್ತೇನೆ.

ಧ್ರುವ ನಕ್ಷತ್ರದ ವಿಷಯ. ನಮ್ಮ ಅಕ್ಷಾಂಶ 14 ಡಿಗ್ರಿ ಆದ್ದರಿಂದ ಅದು ದಿಗಂತದಿಂದ 14 ಡಿಗ್ರಿಯಷ್ಟೇ ಮೇಲಿರುತ್ತದೆ. ಮಲೆನಾಡಿನಲ್ಲಿ ತೋಟವೋ ಗುಡ್ಡವೋ ಅಡ್ಡ ಇಲ್ಲದ ಮನೆ ಅಪರೂಪ. ಅದನ್ನು ಹುಡುಕುವ ಗೋಜಿಗೇ ಹೋಗಬೇಡಿ. ಚಿತ್ರಣವನ್ನು ನಡೆಸುವ ನೀನಾ ತಂತ್ರಾಂಶಕ್ಕೆ ಸೇರಿಸಬಹುದಾದ ಮೂರು ಬಿಂದುಗಳ ಹೊಂದಾಣಿಕೆಯ ವಿಧಾನದಲ್ಲಿ, ದೂರದರ್ಶಕ ಆಕಾಶದ ಯಾವುದೇ ತೆರೆದ ಭಾಗವನ್ನು ನೋಡುತ್ತಾ, ಮೌಂಟಿನ (ದೂರದರ್ಶಕವನ್ನು ಹೊತ್ತು ತಿರುಗಿಸುವ ಆಧಾರದ) ಧ್ರುವಾಕ್ಷವನ್ನು ಮಾತ್ರ ತಿರುಗಿಸಿ ಮೂರು ಚಿತ್ರ ತೆಗೆಯುತ್ತದೆ. ಪ್ರತಿ ಚಿತ್ರದ ನಕ್ಷತ್ರಗಳನ್ನು ಗುರುತಿಸಿ ಅಕ್ಷ ಎಷ್ಟು ತಪ್ಪಿದೆಯೆಂದು ಅದು ಹೇಳುತ್ತದೆ. ನೀವು ಬೋಲ್ಟುಗಳನ್ನು ತಿರುಗಿಸುತ್ತಿದ್ದಂತೆ ತಪ್ಪು ಕಡಿಮೆಯಾಗುವುದನ್ನು ಪರದೆಯ ಮೇಲೆ ನೋಡಬಹುದು. ನಾನು ಎರಡು ವರ್ಷದಿಂದ ಧ್ರುವ ನಕ್ಷತ್ರವನ್ನು ನೋಡಿಯೇ ಇಲ್ಲ. ಅಕ್ಷಾಂಶ ಕಡಿಮೆಯಿರುವುದರಿಂದ ಮೌಂಟಿನ ಅಕ್ಷ ಬಹುತೇಕ ಅಡ್ಡಲಾಗಿ ಮಲಗಿರುತ್ತದೆ. ಪ್ರತಿಭಾರದ ಸರಳು ಟ್ರೈಪಾಡಿನ ಕಾಲಿಗೆ ತಾಗುವ ಅಪಾಯವಿದೆ. ನಿಹಾರಿಕೆ ನೆತ್ತಿಯ ಬಳಿ ದಾಟುವಾಗ ಕ್ಯಾಮೆರಾ ಮತ್ತು ಫಿಲ್ಟರ್ ಚಕ್ರ ಕೂಡ ಕಾಲಿಗೆ ಬಡಿಯಬಹುದು. ಟ್ರೈಪಾಡಿಗೂ ಮೌಂಟಿಗೂ ನಡುವೆ ಎತ್ತರಿಸುವ ಕೊಳವೆಯೊಂದನ್ನು ಹಾಕಿಸಿಕೊಂಡರೆ ಈ ಎರಡೂ ತೊಂದರೆ ನೀಗುತ್ತವೆ. ಮೊದಲ ಬಾರಿ ಮಧ್ಯಾಹ್ನರೇಖೆ ದಾಟುವಾಗ ಎಚ್ಚರವಿದ್ದು ಪಕ್ಕದಲ್ಲಿ ನಿಂತು ನೋಡಿ.

ಇಬ್ಬನಿಯ ಬಗ್ಗೆ ನನ್ನ ಅನುಭವ ಕಹಿಯಾದದ್ದು. ಹೋದ ವರ್ಷ ಮುಖ್ಯ ಮಸೂರಕ್ಕೆ ಹೀಟರ್ ಪಟ್ಟಿ ಸುತ್ತಿದ್ದೆ, ನಕ್ಷತ್ರವನ್ನು ಹಿಂಬಾಲಿಸಿ ಗುರಿಯನ್ನು ಸರಿಪಡಿಸುವ ಗೈಡ್ ದೂರದರ್ಶಕಕ್ಕೆ ಸುತ್ತಿರಲಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಅದರ ಗಾಜು ಮಂಜಾಗಿ ಗೈಡಿಂಗ್ ನಿಂತುಹೋಯಿತು. ಬೆಳಿಗ್ಗೆ ನೋಡಿದಾಗ 40 ಫ್ರೇಮುಗಳಲ್ಲಿ ನಕ್ಷತ್ರಗಳೆಲ್ಲ ಗೆರೆಗಳಾಗಿದ್ದವು. ಎರಡಕ್ಕೂ ಪಟ್ಟಿ ಸುತ್ತಿ, ಇಬ್ಬನಿ ಕೂತ ಮೇಲಲ್ಲ, ಕತ್ತಲಾಗುವಾಗಲೇ ಚಾಲೂ ಮಾಡಿ. ವಿದ್ಯುತ್ ಹೋಗುವುದು ನಮಗೆ ಹೊಸದಲ್ಲ. 12 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ ರಾತ್ರಿಯ ನಡುವೆ ಕ್ಯಾಮೆರಾದ ತಂಪು ತಪ್ಪುವುದಿಲ್ಲ. ಕೊನೆ ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ ಮತ್ತು ಸುಲಿಯುವವರಿಗಾಗಿ ಹಚ್ಚಿಟ್ಟ ಎಲ್‌ಇಡಿ ದೀಪ, ಇವೆರಡೂ ಅಂಗಳದಲ್ಲಿರುತ್ತವೆ. ನಿಮ್ಮ ಚಿತ್ರದ ಪಶ್ಚಿಮದ ಕಮಾನು ನಿಹಾರಿಕೆಯದೇ ಅಥವಾ ದೀಪದ ಬೆಳಕು ಕೊಳವೆಯೊಳಗೆ ಪ್ರತಿಫಲಿಸಿದ್ದೇ ಎಂದು ನನಗೆ ಅನುಮಾನವಿದೆ. ಬಿಳಿ ಎಲ್‌ಇಡಿಯ ಬೆಳಕು ಎಲ್ಲ ಬಣ್ಣಗಳಲ್ಲಿಯೂ ಹರಡಿರುವುದರಿಂದ ಫಿಲ್ಟರ್ ಅದನ್ನು ಪೂರ್ತಿ ತಡೆಯಲಾರದು. ಸಾಧ್ಯವಿದ್ದರೆ ಅಂಗಳ ಬಿಟ್ಟು ಮನೆಯ ಹಿಂದಿನ ಬ್ಯಾಣಕ್ಕೆ ಹೋಗಿ; ಹುಲ್ಲಿನ ಮೇಲೆ ಕಲ್ಲು ಚಪ್ಪಡಿ ಹಾಸಿ ಟ್ರೈಪಾಡ್ ಇಟ್ಟರೆ ಅಲುಗುವುದಿಲ್ಲ.


ಉತ್ತರ 2: ತುಂಗೆಯ ದಡ, ತೀರ್ಥಹಳ್ಳಿ

ಸಾಗರದವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಇನ್ನು ಸಂಸ್ಕರಣೆಯ ವಿಷಯ. ಹೊಸ ದತ್ತಾಂಶ ಬರುವವರೆಗೆ ಈಗಿರುವುದರ ಮೇಲೆಯೇ ಅಭ್ಯಾಸ ಮಾಡಬಹುದು, ಮತ್ತು ನಿಮ್ಮ ಅನುಮಾನಕ್ಕೆ ಉತ್ತರವನ್ನೂ ಅದರಿಂದಲೇ ಪಡೆಯಬಹುದು.

ಆ ಅನುಮಾನದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಅದೇ. 2 ಗಂಟೆಯ ಆಕ್ಸಿಜನ್ ಎಂದರೆ 24 ಫ್ರೇಮುಗಳು. ಅವನ್ನು ಬೆಸ ಸಂಖ್ಯೆಯವು, ಸಮ ಸಂಖ್ಯೆಯವು ಎಂದು 12 ಮತ್ತು 12 ಆಗಿ ಬೇರ್ಪಡಿಸಿ, ಎರಡನ್ನೂ ಪ್ರತ್ಯೇಕವಾಗಿ ಸ್ಟ್ಯಾಕ್ ಮಾಡಿ, ಅಂದರೆ ಒಂದೊಂದೇ ಚಿತ್ರವಾಗಿ ಕೂಡಿಸಿ. ಅನಂತರ ಅವೇ 24 ಫ್ರೇಮುಗಳನ್ನು ಮೊದಲ 12, ಕೊನೆಯ 12 ಎಂದು ಇನ್ನೊಮ್ಮೆ ಬೇರ್ಪಡಿಸಿ. ಎಲ್ಲ ನಾಲ್ಕು ಸ್ಟ್ಯಾಕುಗಳಿಗೂ ಒಂದೇ ಸ್ಟ್ರೆಚ್ ಕೊಟ್ಟು, ಗದ್ದಲ ನಿವಾರಕ ಹಾಕದೆ, ಒಂದರ ಮೇಲೊಂದು ಇಟ್ಟು ಕಣ್ಣು ಮಿಟುಕಿಸುವಂತೆ ಬದಲಿಸಿ ನೋಡಿ. ಎಲ್ಲದರಲ್ಲಿಯೂ ಅದೇ ಜಾಗದಲ್ಲಿ ಇರುವ ಎಳೆ ಆಕಾಶದ್ದು. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದು ಗದ್ದಲದ್ದು. ಮೊದಲ ಮತ್ತು ಕೊನೆಯ ಅರ್ಧಗಳ ನಡುವೆ ಜಾಗ ಬದಲಿಸುವ ಅಥವಾ ಮಾಸುವ ಮಬ್ಬು ಚಂದ್ರನದೋ ದೀಪದ್ದೋ ಆಗಿರುತ್ತದೆ. ಕೃತಕ ಬುದ್ಧಿಮತ್ತೆಯ ನಿವಾರಕಗಳು ತಾವು ಕಲಿತ ಚಿತ್ರಗಳ ಮಾದರಿಯಲ್ಲಿ ಗದ್ದಲವನ್ನು ನೇಯುತ್ತವೆ. ಸಂಕೇತ ತೀರ ಕ್ಷೀಣವಾಗಿರುವಲ್ಲಿ ಅವು ಇಲ್ಲದ ಎಳೆಯನ್ನೂ ನಯವಾಗಿ ಎಳೆದುಬಿಡಬಲ್ಲವು. ಅದನ್ನು ಬಳಸಲೇಬಾರದು ಎಂದು ನಾನು ಹೇಳುವುದಿಲ್ಲ. ಈ ಪರೀಕ್ಷೆಯಲ್ಲಿ ಉಳಿದ ಎಳೆಗಳು ಯಾವುವು ಎಂದು ಗುರುತು ಮಾಡಿಕೊಂಡ ಮೇಲೆ, ಅವುಗಳಾಚೆಗೆ ಏನೂ ಹುಟ್ಟದಷ್ಟು ಮೆಲ್ಲನೆ ಬಳಸಬೇಕು.

ಕ್ರಮದ ಬಗ್ಗೆ. ಡಾರ್ಕ್ ಫ್ರೇಮುಗಳು (ಮುಚ್ಚಳ ಹಾಕಿ ತೆಗೆದವು) ಅದೇ ತಾಪಮಾನ, ಅದೇ 300 ಸೆಕೆಂಡಿನವಾಗಿರಲಿ. ಫ್ಲ್ಯಾಟ್ ಫ್ರೇಮುಗಳನ್ನು, ಅಂದರೆ ಎಲ್ಲೆಡೆ ಸಮನಾದ ಬೆಳಕಿನ ಚಿತ್ರಗಳನ್ನು, ಮೂರು ಫಿಲ್ಟರ್‌ಗಳಿಗೂ ಬೇರೆ ಬೇರೆಯಾಗಿ ತೆಗೆಯಲೇಬೇಕು, ಏಕೆಂದರೆ ಪ್ರತಿ ಗಾಜಿನ ಮೇಲಿನ ಧೂಳಿನ ಜಾಗ ಬೇರೆ. ಚಿತ್ರಣದ ನಡುವೆ ಡಿದರಿಂಗ್ ಮಾಡಿದ್ದರೆ, ಅಂದರೆ ಫ್ರೇಮುಗಳ ನಡುವೆ ದೂರದರ್ಶಕವನ್ನು ಕೆಲವು ಪಿಕ್ಸೆಲ್ ಸರಿಸಿದ್ದರೆ, ಸಿಗ್ಮಾ ನಿರಾಕರಣೆಯ (ಉಳಿದ ಫ್ರೇಮುಗಳಿಂದ ತೀರ ಬೇರೆಯಾದ ಪಿಕ್ಸೆಲ್‌ಗಳನ್ನು ಕೈಬಿಡುವ) ಸ್ಟ್ಯಾಕಿಂಗ್‌ನಲ್ಲಿ ಉಪಗ್ರಹದ ಗೆರೆಗಳೂ ಬಿಸಿ ಪಿಕ್ಸೆಲ್‌ಗಳೂ ತಾವಾಗಿಯೇ ಹೋಗುತ್ತವೆ. ಮೂರು ಸ್ಟ್ಯಾಕುಗಳನ್ನೂ ಹೈಡ್ರೋಜನ್ ಚಿತ್ರಕ್ಕೆ ಹೊಂದಿಸಿ, ಅಂಚುಗಳನ್ನು ಕತ್ತರಿಸಿ. ಇದೆಲ್ಲಕ್ಕೂ ಉಚಿತವಾದ ಸಿರಿಲ್ ತಂತ್ರಾಂಶವೇ ಸಾಕು. ಹಿನ್ನೆಲೆಯ ಇಳಿಜಾರನ್ನು (ಒಂದು ಬದಿಯಿಂದ ಇನ್ನೊಂದಕ್ಕೆ ಏರಿಳಿಯುವ ಆಕಾಶದ ಹೊಳಪನ್ನು) ತೆಗೆಯಲು ಗ್ರಾಕ್ಸ್‌ಪರ್ಟ್ ಕೂಡ ಉಚಿತ. ಇಳಿಜಾರು ತೆಗೆಯುವ ಕೆಲಸ ಸ್ಟ್ರೆಚ್‌ಗೆ ಮೊದಲೇ, ಪ್ರತಿ ಫಿಲ್ಟರಿನ ಚಿತ್ರಕ್ಕೆ ಪ್ರತ್ಯೇಕವಾಗಿ ಆಗಬೇಕು. ಬಣ್ಣ ಸೇರಿಸಿದ ಮೇಲೆ ಮಾಡಲು ಹೋದರೆ ಮೂರು ಬೇರೆ ಬೇರೆ ಇಳಿಜಾರುಗಳು ಒಂದರೊಳಗೊಂದು ಸಿಕ್ಕಿಕೊಂಡು ಬಿಡಿಸಲಾಗದಂತಾಗುತ್ತವೆ.

ಚಿತ್ರ ಹಸಿರಾಗುವುದು ತಪ್ಪಲ್ಲ. ಹೈಡ್ರೋಜನ್ ಪ್ರಬಲವಾಗಿದೆ, ಅದನ್ನು ಹಸಿರಿಗೆ ಕೊಟ್ಟಿದ್ದೀರಿ, ಹಸಿರು ಬರಲೇಬೇಕು. ಹಸಿರನ್ನು ಕೊನೆಯಲ್ಲಿ ಒಂದೇ ಏಟಿಗೆ ಕತ್ತರಿಸುವ ಸಾಧನವನ್ನು ಬಳಸಿದಾಗ ನೀವು ಕಳೆದುಕೊಳ್ಳುತ್ತಿರುವುದು ನಿಮ್ಮ ಬಳಿಯಿರುವ ಅತ್ಯುತ್ತಮ ದತ್ತಾಂಶವನ್ನೇ. ಅದಕ್ಕೆ ಬದಲಾಗಿ, ಮೊದಲು ಸ್ಟಾರ್‌ನೆಟ್‌ ಎಂಬ ತಂತ್ರಾಂಶದಿಂದ ನಕ್ಷತ್ರಗಳನ್ನು ಬೇರ್ಪಡಿಸಿ. ಆಮೇಲೆ ಮೂರು ಚಿತ್ರಗಳನ್ನೂ ಬೇರೆ ಬೇರೆಯಾಗಿ, ಹಿನ್ನೆಲೆಯ ಕಪ್ಪು ಮೂರರಲ್ಲೂ ಒಂದೇ ಮಟ್ಟಕ್ಕೆ ಬರುವಂತೆಯೂ ಈಶಾನ್ಯದ ಪ್ರಕಾಶಮಾನ ಅಂಚು ಹತ್ತಿರ ಹತ್ತಿರದ ಹೊಳಪಿಗೆ ಬರುವಂತೆಯೂ ಸ್ಟ್ರೆಚ್ ಮಾಡಿ. ಸಿರಿಲ್‌ನ ಹೈಪರ್ಬೋಲಿಕ್ ಸ್ಟ್ರೆಚ್ ಇದಕ್ಕೆ ಒಳ್ಳೆಯದು. ಹೀಗೆ ಸಮಗೊಳಿಸಿದ ಮೇಲೆ ಸೇರಿಸಿದರೆ, ಸಲ್ಫರ್ ಮತ್ತು ಹೈಡ್ರೋಜನ್ ಎರಡೂ ಇರುವಲ್ಲಿ ಹೊಂಬಣ್ಣ, ಆಕ್ಸಿಜನ್ ಮೇಲುಗೈ ಪಡೆದಲ್ಲಿ ನೀಲಿ ತಾನಾಗಿಯೇ ಬರುತ್ತದೆ. ನಿಮ್ಮ ಈಗಿನ ಆಕ್ಸಿಜನ್ ಇಷ್ಟು ಎಳೆಯುವುದಕ್ಕೆ ತಡೆಯುವುದಿಲ್ಲ ಎಂಬುದೂ ನಿಜ.

ಒಂದು ಎಚ್ಚರಿಕೆ ಹೇಳಲೇಬೇಕು. ಹೈಡ್ರೋಜನ್ ಚಿತ್ರ ಚೆನ್ನಾಗಿದೆಯೆಂದು ಅದನ್ನೇ ಲ್ಯೂಮಿನೆನ್ಸ್ ಪದರವಾಗಿ, ಅಂದರೆ ಹೊಳಪನ್ನು ನಿರ್ಧರಿಸುವ ಪದರವಾಗಿ, ಹಾಕುವ ಅಭ್ಯಾಸ ಬಹಳ ಜನರಲ್ಲಿದೆ. ಸಾಮಾನ್ಯ ನಿಹಾರಿಕೆಗಳಲ್ಲಿ ಅದು ನಡೆದೀತು. ಸೂಪರ್ನೋವಾ ಅವಶೇಷದಲ್ಲಿ ಆಕ್ಸಿಜನ್ ಎಳೆ ಹೈಡ್ರೋಜನ್ ಎಳೆಯ ಮೇಲೆಯೇ ಕೂರುವುದಿಲ್ಲ. ಅನೇಕ ಕಡೆ ಪಕ್ಕಕ್ಕೆ ಸರಿದಿರುತ್ತದೆ. ಅಂಥಲ್ಲಿ ಹೊಳಪನ್ನು ಹೈಡ್ರೋಜನ್ ಮಾತ್ರ ನಿರ್ಧರಿಸಿದರೆ, ನೀವು ರಾತ್ರಿಗಟ್ಟಲೆ ನಿದ್ದೆಗೆಟ್ಟು ತಂದ ಆಕ್ಸಿಜನ್ ಕಪ್ಪಿನೊಳಗೆ ಮುಳುಗಿಹೋಗುತ್ತದೆ.

ಆಕ್ಸಿಜನ್ ಸ್ಟ್ಯಾಕನ್ನು ಮಾತ್ರ ಎರಡಕ್ಕೆ ಎರಡು ಪಿಕ್ಸೆಲ್ ಕೂಡಿಸಿ, ಗದ್ದಲ ಇಳಿಸಿ, ಮತ್ತೆ ಹಿಗ್ಗಿಸಿ ಬಳಸಬಹುದು. ನಿಮ್ಮ ಒಂದು ಪಿಕ್ಸೆಲ್ ಆಕಾಶದಲ್ಲಿ 2 ಕೋನೀಯ ಸೆಕೆಂಡ್ ಅಗಲವಾಗುತ್ತದೆ, ಕೂಡಿಸಿದರೆ 4. ಅತಿ ತೆಳುವಾದ ಎಳೆ ಸ್ವಲ್ಪ ಮೊಂಡಾಗುತ್ತದೆ, ಆದರೆ ಮಚ್ಚೆಗಳಿಗಿಂತ ಅದು ಮೇಲು. ನಕ್ಷತ್ರಗಳಿಗೆ ಸಾಮಾನ್ಯ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳಲ್ಲಿ ಅರ್ಧ ಗಂಟೆ ತೆಗೆದು ಕೊನೆಯಲ್ಲಿ ಸೇರಿಸಿ. ಆಗ ನಿಹಾರಿಕೆಯ ಪಶ್ಚಿಮಕ್ಕಿರುವ ಈಟಾ ಜೆಮಿನೋರಂ ತಾನು ನಿಜವಾಗಿ ಇರುವ ಕೆಂಪು ದೈತ್ಯನಾಗಿಯೇ ಕಾಣುತ್ತದೆ.


ಉತ್ತರ 3: ಪಾಠದ ಮನೆ, ಶಿವಮೊಗ್ಗ

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತೇನೆ. ಚಿತ್ರ ತೆಗೆಯುವುದರಲ್ಲಿ ನನಗೆ ಅನುಭವ ಕಡಿಮೆ. ಆದರೆ ಆಕ್ಸಿಜನ್ ಎಲ್ಲಿ ಇರಬೇಕು, ಎಲ್ಲಿ ಇರಬಾರದು ಎಂಬುದು ಚಿತ್ರ ತೆಗೆಯುವವರಿಗೂ ಉಪಯೋಗಕ್ಕೆ ಬರುತ್ತದೆಂದು ಬರೆಯುತ್ತಿದ್ದೇನೆ.

ಐಸಿ 443 ಸುಮಾರು 5,000 ಜ್ಯೋತಿರ್ವರ್ಷ ದೂರದಲ್ಲಿದೆ. ಮ್ಯಾಕ್ಸ್ ವೋಲ್ಫ್ ಅವರು 1892ರಲ್ಲಿ ಛಾಯಾಚಿತ್ರದ ಮೂಲಕವೇ ಕಂಡುಹಿಡಿದ ನಿಹಾರಿಕೆ ಇದು. ನಾವು ನೋಡುತ್ತಿರುವುದು ಸಿಡಿದ ನಕ್ಷತ್ರದ ತುಣುಕುಗಳನ್ನಷ್ಟೇ ಅಲ್ಲ. ಸಿಡಿತದ ಆಘಾತದ ಅಲೆ ಸುತ್ತಲಿನ ಅನಿಲವನ್ನು ಗುದ್ದಿ ಬಿಸಿ ಮಾಡಿದ್ದನ್ನು. ಅಲೆ ದಾಟಿದ ಕೂಡಲೇ ಅನಿಲ ಅತಿ ಬಿಸಿಯಾಗಿರುತ್ತದೆ, ಆಮೇಲೆ ತಣಿಯುತ್ತಾ ಬರುತ್ತದೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್ ಬೆಳಗುವುದು ಇನ್ನೂ ಹೆಚ್ಚು ಬಿಸಿಯಿರುವ, ಅಲೆಗೆ ಹತ್ತಿರದ ಪದರದಲ್ಲಿ. ಹೈಡ್ರೋಜನ್ ಮತ್ತು ಸಲ್ಫರ್ ಬೆಳಗುವುದು ಅದರ ಹಿಂದಿನ, ತಣಿದ ಪದರದಲ್ಲಿ. ತೀರ್ಥಹಳ್ಳಿಯವರು ಹೇಳಿದ ಪಕ್ಕಕ್ಕೆ ಸರಿದ ಎಳೆಗೆ ಕಾರಣ ಇದೇ. ಆದ್ದರಿಂದ ಪರೀಕ್ಷೆ ಮಾಡುವಾಗ, ಹೈಡ್ರೋಜನ್ ಎಳೆಯ ಹೊರ ಅಂಚಿಗೆ ಅಂಟಿಕೊಂಡಂತೆ ತೆಳುವಾದ ಆಕ್ಸಿಜನ್ ಕಂಡರೆ ಅದನ್ನು ನಂಬಲು ಹೆಚ್ಚಿನ ಕಾರಣವಿದೆ.

ಹಾಗೆಂದು ಎಲ್ಲ ಕಡೆಯೂ ಅದನ್ನು ನಿರೀಕ್ಷಿಸಬಾರದು. ಅಲೆಯ ವೇಗ ಸೆಕೆಂಡಿಗೆ ಸುಮಾರು 100 ಕಿ.ಮೀ. ಆಸುಪಾಸಿನಲ್ಲಿ ಇಲ್ಲದಿದ್ದರೆ ಈ ಆಕ್ಸಿಜನ್ ರೇಖೆ ಬಲವಾಗಿ ಹುಟ್ಟುವುದಿಲ್ಲ. ಐಸಿ 443ರ ಈಶಾನ್ಯದಲ್ಲಿ ಅಲೆ ಪರಮಾಣುಗಳ ಅನಿಲದೊಳಗೆ ಸಾಗುತ್ತಿದೆ. ದಕ್ಷಿಣದಲ್ಲಿ ದಟ್ಟವಾದ ಅಣು ಮೋಡಕ್ಕೆ ಡಿಕ್ಕಿ ಹೊಡೆದು ನಿಧಾನವಾಗಿದೆ, ಅಲ್ಲಿನ ಬೆಳಕು ಹೆಚ್ಚಾಗಿ ಹೈಡ್ರೋಜನ್ ಅಣುಗಳ ಅವಕೆಂಪಿನಲ್ಲಿದೆ. ದಕ್ಷಿಣದಲ್ಲಿ ನಿಮಗೆ ಆಕ್ಸಿಜನ್ ಸಿಗದಿದ್ದರೆ ಅದು ನಿಮ್ಮ ತಪ್ಪಲ್ಲ, ಅಲ್ಲಿನ ಅನಿಲದ ಸ್ಥಿತಿ. ಈ ಡಿಕ್ಕಿಯ ಕಾರಣದಿಂದಲೇ ಈ ಅವಶೇಷ ಖಗೋಳ ವಿಜ್ಞಾನಿಗಳಿಗೆ ಬಹಳ ಮುಖ್ಯವಾಗಿದೆ: ಸೂಪರ್ನೋವಾ ಅವಶೇಷಗಳು ಪ್ರೋಟಾನುಗಳನ್ನು ಕಾಸ್ಮಿಕ್ ಕಿರಣಗಳ ವೇಗಕ್ಕೆ ಏರಿಸುತ್ತವೆ ಎಂಬುದಕ್ಕೆ ಫರ್ಮಿ ಗಾಮಾ ಕಿರಣ ದೂರದರ್ಶಕ 2013ರಲ್ಲಿ ನೇರವಾದ ಗುರುತನ್ನು ಒದಗಿಸಿದ್ದು ಡಬ್ಲ್ಯೂ 44 ಮತ್ತು ಐಸಿ 443 ಎಂಬ ಎರಡು ಅವಶೇಷಗಳಿಂದ.

ನಿಮ್ಮ ಸಲ್ಫರ್ ದತ್ತಾಂಶದಿಂದ ಇನ್ನೂ ಒಂದು ಕೆಲಸ ಮಾಡಬಹುದು, ಅದನ್ನು ಖಂಡಿತ ಮಾಡಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಸಲ್ಫರ್ ಬೆಳಕನ್ನು ಹೈಡ್ರೋಜನ್-ಆಲ್ಫಾ ಬೆಳಕಿನಿಂದ ಭಾಗಿಸಿದಾಗ ಬರುವ ಅನುಪಾತ 0.4ಕ್ಕಿಂತ ಹೆಚ್ಚಿದ್ದರೆ ಅದು ಆಘಾತದಿಂದ ಬೆಳಗಿದ ಅನಿಲ, ಅದಕ್ಕಿಂತ ಸಾಕಷ್ಟು ಕಡಿಮೆಯಿದ್ದರೆ ಎಳೆಯ ನಕ್ಷತ್ರಗಳ ನೇರಳಾತೀತ ಬೆಳಕಿನಿಂದ ಬೆಳಗಿದ ಸಾಮಾನ್ಯ ಹೈಡ್ರೋಜನ್ ಮೋಡ, ಎಂದು 1970ರ ದಶಕದಿಂದ ವಿಂಗಡಿಸುತ್ತಾ ಬಂದಿದ್ದಾರೆ. ನಿಮ್ಮ ಚೌಕಟ್ಟು ಸುಮಾರು 1.7 ಡಿಗ್ರಿ ಅಗಲವಿರುವುದರಿಂದ, ಅದನ್ನು ಸ್ವಲ್ಪ ಪೂರ್ವಕ್ಕೂ ಉತ್ತರಕ್ಕೂ ಸರಿಸಿದರೆ ಶಾರ್ಪ್‌ಲೆಸ್ 249 ಎಂಬ ಅಂಥ ಸಾಮಾನ್ಯ ಮೋಡದ ಒಂದು ಭಾಗವೂ ಅದೇ ಚಿತ್ರದಲ್ಲಿ ಸಿಗುತ್ತದೆ. ಎರಡನ್ನೂ ಒಂದೇ ದೂರದರ್ಶಕದಿಂದ, ಒಂದೇ ರಾತ್ರಿ ಅಳೆದು ಹೋಲಿಸುವ ಅವಕಾಶ ಇದು, ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ನಾನು ಬೇರೆ ಕಂಡಿಲ್ಲ.

ಅಳೆಯುವಾಗ ಎರಡು ಜಾಗರೂಕತೆ ಬೇಕು. ನಿಮ್ಮ 7 ನ್ಯಾನೋಮೀಟರ್‌ನ ಹೈಡ್ರೋಜನ್ ಫಿಲ್ಟರ್ 654.8 ಮತ್ತು 658.3ರ ನೈಟ್ರೋಜನ್ ರೇಖೆಗಳನ್ನೂ ಒಳಗೆ ಬಿಡುತ್ತದೆ, ಮತ್ತು ಇಂಥ ಅವಶೇಷಗಳಲ್ಲಿ ನೈಟ್ರೋಜನ್ ಕ್ಷೀಣವಾಗಿರುವುದಿಲ್ಲ. ಆದ್ದರಿಂದ ನಿಮಗೆ ಸಿಗುವ ಅನುಪಾತ ನಿಜಕ್ಕಿಂತ ಕಡಿಮೆ ಬರುತ್ತದೆ. 3 ನ್ಯಾನೋಮೀಟರ್ ಫಿಲ್ಟರ್‌ನಲ್ಲಿ ಈ ತೊಂದರೆ ಬಹುಮಟ್ಟಿಗೆ ಇರುವುದಿಲ್ಲ. ಇನ್ನೊಂದರಲ್ಲಿ ತೀರ್ಥಹಳ್ಳಿಯವರ ಕ್ರಮದಿಂದ ನಾನು ಸ್ವಲ್ಪ ಬೇರೆಯಾಗುತ್ತೇನೆ. ಹಿನ್ನೆಲೆಯ ಇಳಿಜಾರನ್ನು ತೆಗೆಯುವ ಸಾಧನಗಳು ಹರಡಿಕೊಂಡ ಮಸುಕು ನಿಹಾರಿಕೆಯನ್ನೂ ಇಳಿಜಾರೆಂದು ತಿಳಿದು ಕಳೆದುಬಿಡಬಹುದು. ನೋಡುವ ಚಿತ್ರಕ್ಕೆ ಅದು ಅಷ್ಟಾಗಿ ಅಡ್ಡಿಯಲ್ಲ, ಅಳೆಯುವ ಚಿತ್ರಕ್ಕೆ ಅಡ್ಡಿ. ಅಳತೆಗೆ ಸ್ಟ್ರೆಚ್ ಮಾಡದ ಸ್ಟ್ಯಾಕನ್ನೇ ಇಟ್ಟುಕೊಂಡು, ನಿಹಾರಿಕೆ ಇಲ್ಲದ ಜಾಗದ ಸರಾಸರಿಯನ್ನು ಮಾತ್ರ ಕಳೆಯಿರಿ.

ಬಣ್ಣ ಹೊಂದಿಸಿದ ಚಿತ್ರವನ್ನು ಜನರ ಮುಂದೆ ಇಡಬಹುದೇ ಎಂದು ಕೇಳಿದ್ದೀರಿ. ಸಲ್ಫರ್‌ಗೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಕ್ಸಿಜನ್‌ಗೆ ನೀಲಿ ಎಂಬ ಜೋಡಣೆ 1995ರಲ್ಲಿ ಹಬಲ್ ದೂರದರ್ಶಕ ತೆಗೆದ ಹದ್ದು ನಿಹಾರಿಕೆಯ ಕಂಬಗಳ ಚಿತ್ರದಿಂದ ಲೋಕಕ್ಕೆಲ್ಲ ಪರಿಚಿತವಾಯಿತು. ಅದು ಕಣ್ಣಿಗೆ ಕಾಣುವ ಬಣ್ಣವಲ್ಲ. ಹೈಡ್ರೋಜನ್-ಆಲ್ಫಾ ಮತ್ತು ಸಲ್ಫರ್ ಎರಡೂ ನಿಜದಲ್ಲಿ ಕೆಂಪೇ. ಎರಡು ಕೆಂಪುಗಳನ್ನು ಕಣ್ಣು ಬೇರ್ಪಡಿಸಲಾರದು, ಅದಕ್ಕಾಗಿ ಅವುಗಳಿಗೆ ಬೇರೆ ಬಣ್ಣ ಕೊಡುತ್ತೇವೆ. ಚಿತ್ರದ ಕೆಳಗೆ ಯಾವ ರೇಖೆಗೆ ಯಾವ ಬಣ್ಣ, ಪ್ರತಿಯೊಂದಕ್ಕೂ ಎಷ್ಟು ಗಂಟೆ, ಆಕ್ಸಿಜನ್ ಅನ್ನು ಉಳಿದವುಗಳಿಗಿಂತ ಹೆಚ್ಚು ಎತ್ತಲಾಗಿದೆ ಎಂದು ಬರೆದರೆ ನೋಡುವವರಿಗೆ ಮೋಸವಾಗುವುದಿಲ್ಲ. ಆದರೆ ಅರ್ಧ ಭಾಗಗಳ ಪರೀಕ್ಷೆಯಲ್ಲಿ ನಿಲ್ಲದ ಎಳೆಯೊಂದನ್ನು ಚಿತ್ರದಲ್ಲಿ ಉಳಿಸಿಕೊಂಡರೆ, ಕೆಳಗೆ ಏನು ಬರೆದರೂ ಅದು ಸರಿಹೋಗುವುದಿಲ್ಲ.


ಪ್ರಶ್ನಿಸಿದವರಿಂದ: ಅಡಿಕೆ ಅಂಗಳ, ಹೊಸನಗರ ತಾಲ್ಲೂಕು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ರಾತ್ರಿ 24 ಫ್ರೇಮುಗಳನ್ನು ತೀರ್ಥಹಳ್ಳಿಯವರು ಹೇಳಿದಂತೆ ಎರಡೂ ರೀತಿಯಲ್ಲಿ ಬೇರ್ಪಡಿಸಿ ನೋಡಿದೆ. ಪಶ್ಚಿಮದ ಕಮಾನು ಮೊದಲ 12ರಲ್ಲಿ ಗಾಢವಾಗಿದೆ, ಕೊನೆಯ 12ರಲ್ಲಿ ಬಹುತೇಕ ಇಲ್ಲ. ಆ ರಾತ್ರಿ ಹತ್ತೂವರೆಗೆ ಅಡಿಕೆ ಸುಲಿಯುವ ಕೆಲಸ ಮುಗಿದು ದೀಪ ಆರಿಸಿದ್ದು ನೆನಪಾಯಿತು; ಫ್ರೇಮುಗಳ ಸಮಯವೂ ಅದಕ್ಕೇ ಹೊಂದುತ್ತದೆ. ಗದ್ದಲ ನಿವಾರಕ ಎಬ್ಬಿಸಿದ್ದ ಎಳೆಗಳಲ್ಲಿ ಹೆಚ್ಚಿನವು ಬೆಸ ಮತ್ತು ಸಮ ಸ್ಟ್ಯಾಕುಗಳಲ್ಲಿ ಒಂದೇ ಜಾಗದಲ್ಲಿ ನಿಲ್ಲಲಿಲ್ಲ. ಆದರೆ ಈಶಾನ್ಯ ಅಂಚಿನಲ್ಲಿ, ಹೈಡ್ರೋಜನ್ ಎಳೆಯ ಹೊರ ಬದಿಗೆ, ಕೂದಲಿನಂಥ ಒಂದು ಗೆರೆ ನಾಲ್ಕೂ ಸ್ಟ್ಯಾಕುಗಳಲ್ಲಿ ಅದೇ ಜಾಗದಲ್ಲಿ ಇದೆ. ಬೆಳದಿಂಗಳಿನಲ್ಲಿಯೂ ಅದು ಬಂದಿದೆಯಲ್ಲ ಎಂದು ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತಿದ್ದೆ.

ಬ್ಯಾಣದಲ್ಲಿ ಚಪ್ಪಡಿ ಹಾಸುವ ಕೆಲಸ ಇವತ್ತೇ ಆರಂಭಿಸಿದ್ದೇನೆ. ಈ ಅಮಾವಾಸ್ಯೆಗೆ ಹೊಸ ಆಕ್ಸಿಜನ್ ತೆಗೆಯುವಾಗ ಚೌಕಟ್ಟನ್ನು ಶಾರ್ಪ್‌ಲೆಸ್ 249ರ ಕಡೆಗೆ ಸರಿಸಿದರೆ, ಹಳೆಯ ಹೈಡ್ರೋಜನ್ ಮತ್ತು ಸಲ್ಫರ್ ಚಿತ್ರಗಳೊಂದಿಗೆ ಅದು ಪೂರ್ತಿಯಾಗಿ ಹೊಂದುವುದಿಲ್ಲವಲ್ಲ. ಏನು ಮಾಡುವುದು ಸೂಕ್ತ?


ಉತ್ತರ: ಹಿನ್ನೀರ ದಂಡೆ, ಸಾಗರ

ಆಕ್ಸಿಜನ್‌ಗೆ ಹಳೆಯ ಚೌಕಟ್ಟನ್ನೇ ಉಳಿಸಿಕೊಳ್ಳಿ. ಕತ್ತಲೆಯ ಗಂಟೆಗಳನ್ನು ಎರಡು ಚೌಕಟ್ಟುಗಳಿಗೆ ಹಂಚಬೇಡಿ. ಅಳತೆಗೆ ಬೇಕಾಗಿರುವುದು ಹೈಡ್ರೋಜನ್ ಮತ್ತು ಸಲ್ಫರ್ ಮಾತ್ರ, ಅವೆರಡೂ ಬೆಳದಿಂಗಳನ್ನು ಸಾಕಷ್ಟು ತಡೆದುಕೊಳ್ಳುತ್ತವೆ. ಅಮಾವಾಸ್ಯೆ ಕಳೆದು ಚಂದ್ರ ಬೆಳೆಯುತ್ತಾ ಬಂದಾಗ ಚೌಕಟ್ಟನ್ನು ಸರಿಸಿ ಒಂದೊಂದಕ್ಕೆ ಎರಡು ಗಂಟೆ ತೆಗೆಯಿರಿ. ಕ್ಯಾಮೆರಾವನ್ನು ದೂರದರ್ಶಕದಿಂದ ಬಿಚ್ಚಬೇಡಿ, ತಿರುಗಿಸಬೇಡಿ. ಹಾಗೆ ಮಾಡಿದರೆ ಫ್ಲ್ಯಾಟುಗಳನ್ನೆಲ್ಲ ಮತ್ತೆ ತೆಗೆಯಬೇಕಾಗುತ್ತದೆ. ಬೆಳಗಿನ ಜಾವ ಕಾವಳ ಇಳಿದ ಮೇಲೆ ದೂರದರ್ಶಕವನ್ನು ನೇರವಾಗಿ ಮನೆಯೊಳಗಿನ ಬೆಚ್ಚಗಿನ ಕೋಣೆಗೆ ತರಬೇಡಿ. ಮುಚ್ಚಳ ಹಾಕಿ ಜಗಲಿಯಲ್ಲಿ ಒಂದು ಗಂಟೆ ಬಿಟ್ಟು, ಆಮೇಲೆ ಸಿಲಿಕಾ ಜೆಲ್ ಇರುವ ಪೆಟ್ಟಿಗೆಯಲ್ಲಿಡಿ; ನಮ್ಮ ಕಡೆ ಮಸೂರಕ್ಕೆ ಬೂಸಲು ಹಿಡಿಯಲು ಒಂದು ಮಳೆಗಾಲ ಸಾಕು.